ಮೂರೂ ಮುಕ್ಕಾಲರ ಮಡಿ

ಬೆಳಗಿನ ಜಾವ ಮೂರೂ ಮುಕ್ಕಾಲು.
ಟುಲ್ಲಮರೀನಿನ ಗಾಳಿಗೆ ಸೀಮೆಎಣ್ಣೆ ವಾಸನೆ.
ನೀಲಿ ಗ್ಲೋವ್ಸು ಮಣಿಕಟ್ಟಿನವರೆಗೆ ಎಳೆದುಕೊಂಡು
ನಾನು ಬಾಗಿಲಾಗುತ್ತೇನೆ.

ಜೇಬಲ್ಲಿರೋದೆಲ್ಲ ತಟ್ಟೆಗೆ. ಬೆಲ್ಟು.
ಮೂತಿಗೆ ಉಕ್ಕು ಕೂರಿಸಿದ ಬೂಟಾದರೆ ಅದೂ.
ಕೆಂಪು ಕಾರ್ಡು ಸೊಂಟದಿಂದ ಮೇಲೆ, ಎದುರಿಗೆ ಕಾಣುವ ಹಾಗೆ,
ಮಗ್ಗುಲಾದ ಕಾರ್ಡು ಕಾರ್ಡಲ್ಲ.
ನಿನ್ನೆ ಒಟ್ಟಿಗೆ ನಕ್ಕದ್ದು,
ಮೊನ್ನೆ ಕ್ರೇಗೀಬರ್ನಿನಲ್ಲಿ ನನ್ನ ಕಾರು ಕೆಟ್ಟಾಗ ತಳ್ಳಿಕೊಟ್ಟದ್ದು
ಇವತ್ತಿನ ಲೆಕ್ಕಕ್ಕಿಲ್ಲ.

ಸಿಓನೆ ಬರುತ್ತಾನೆ, ಟೋಂಗಾದವನು, ಬಾಗಿಲಷ್ಟೇ ಅಗಲ.
ಅವನ ಬುತ್ತಿಯ ಕೆಸುವಿನ ಗಡ್ಡೆ
ಪರದೆಯ ಮೇಲೆ ಕಿತ್ತಳೆ ಬಣ್ಣದ ಅನುಮಾನ.
ಮುಚ್ಚಳ ತೆಗೆಸಿದೆ. ಹಬೆ ನನ್ನ ಕನ್ನಡಕಕ್ಕೆ.
ದಿನಾ ಅದೇ ಗಡ್ಡೆ ಮಾರಾಯ್ತಿ, ಅಂದ.
ದಿನಾ ಅದೇ ಪ್ರಶ್ನೆ, ಅಂದೆ.

ಯಂತ್ರ ತನಗೆ ತೋಚಿದವರ ಮೇಲೆ ಕೂಗುತ್ತದೆ.
ಇವತ್ತು ಕ್ಯಾಪ್ಟನ್, ಭುಜಕ್ಕೆ ನಾಲ್ಕು ಚಿನ್ನದ ಪಟ್ಟಿ.
ಮುನ್ನೂರು ಜೀವ ಇವನ ಕೈಗೆ ಕೊಡುತ್ತಾರೆ,
ಆ ಕೈಯನ್ನು ಮೊದಲು ನಾನು ಬಟ್ಟೆಯ ಚೂರಿನಿಂದ ಸವರಬೇಕು.
ತೀರ್ಥಕ್ಕೆ ಚಾಚಿದ ಹಾಗೆ ಚಾಚಿದ.
ಒಳಗೊಳಗೇ ಖುಷಿಯಾಯಿತು. ಸುಳ್ಳೇಕೆ ಹೇಳಲಿ.

ಈ ಬಾಗಿಲಿನಾಚೆಗೆ ಇವರಿಟ್ಟ ಹೆಸರು ಸ್ಟೆರೈಲ್.
ಟ್ರೈನಿಂಗಿನ ಮೊದಲ ದಿನ ಆ ಮಾತು ಬಿದ್ದಾಗ
ಪಕ್ಕದವಳಿಗೆ ಆಸ್ಪತ್ರೆ ನೆನಪಾಯಿತಂತೆ.
ನನಗೆ ಮಡಿ.
ಹೊಸಪೇಟೆಯಲ್ಲಿ ಅವ್ವ ಪಾತ್ರೆ ತಿಕ್ಕುತ್ತಿದ್ದ ಮನೆ,
ಹಿತ್ತಿಲ ಕಲ್ಲಿನ ಮೇಲೆ ಬೋರಲು ಬಿದ್ದ ತಪ್ಪಲೆ, ಹಂಡೆ.
ಅವಳು ದೂರ ಸರಿದ ಮೇಲೆ
ಒಂದು ಚೆಂಬು ನೀರು ಚಿಮುಕಿಸಿ ಒಳಗೆ ಒಯ್ಯುತ್ತಿದ್ದರು.
ಹದಿನೆಂಟು ವರ್ಷ
ಅವಳು ಬೆಳಗಿದ ಕಂಚು ಆ ಅಡಿಗೆಮನೆ ನೋಡಿತು.
ಅವಳು ನೋಡಲಿಲ್ಲ.
ಅದಕ್ಕೆ ಕಾರ್ಡಿರಲಿಲ್ಲ,
ಕಾರ್ಡು ಬೇಡಲು ಅರ್ಜಿ ಫಾರಮ್ಮೂ ಇರಲಿಲ್ಲ.

ಪ್ಲಂಬರ್ ಲೆಫ್ಟೆರಿಸ್, ಅರವತ್ತಾರು.
ಪೆಟ್ಟಿಗೆಯಲ್ಲಿ ನಲವತ್ತೊಂದು ಸಾಮಾನು, ಪಟ್ಟಿಯಲ್ಲೂ ನಲವತ್ತೊಂದು.
ಹೋಗುವಾಗ ಎಣಿಸು, ಬರುವಾಗ ಎಣಿಸು,
ಒಂದು ಸ್ಪ್ಯಾನರ್ ಕಾಣದಿದ್ದರೆ ಒಂದು ವಿಮಾನ ಕಾಯುತ್ತದೆ.
ಅವನು ಗ್ರೀಕಿನಲ್ಲಿ ಎಣಿಸುತ್ತಾನೆ, ನಾನು ಕನ್ನಡದಲ್ಲಿ,
ಮೊತ್ತ ಮಾತ್ರ ಇಂಗ್ಲಿಷಿನಲ್ಲಿ ಸೇರುತ್ತದೆ.

ಇವತ್ತು ಅವನ ಕಾರ್ಡಿಗೆ ಗೇಟು ತೆರೆಯಲಿಲ್ಲ.
ಮತ್ತೆ ಒತ್ತಿದ. ಅಂಗಿಗೆ ಒರೆಸಿ ಒತ್ತಿದ.
ಮಧ್ಯರಾತ್ರಿಗೆ ಅದರ ಅವಧಿ ಮುಗಿದಿತ್ತು,
ಹೊಸದು ಯಾವುದೋ ಊರಿನ ಯಾರದೋ ಮೇಜಿನ ಮೇಲೆ.
ಈ ಗೋಡೆಯ ಹಿಂದಿನ ಪೈಪೆಲ್ಲ ನಾನು ಹಾಕಿದ್ದು, ಅಂದ.
ಗೊತ್ತು, ಅಂದೆ.
ಅಲ್ಲಿ ಹೆಂಗಸರ ಕಕ್ಕಸು ಉಕ್ಕುತ್ತಿದೆ.
ಗೊತ್ತು.
ನಿನಗೆ ನಾನು ಗೊತ್ತು!
ಗೊತ್ತು, ಅಂದೆ,
ಸರಿಯಲಿಲ್ಲ.

ಆಮೇಲೆ ಅವನ ಕೈಕೆಳಗಿನ ಹುಡುಗ ಬಂದ,
ಹತ್ತೊಂಬತ್ತು, ಇನ್ನೂ ಮೊಡವೆ, ಕಾರ್ಡು ಮಾತ್ರ ಹೊಚ್ಚಹೊಸದು.
ಮುದುಕನ ಕೊರಳಿಗೆ ವಿಸಿಟರ್ ಪಾಸು.
ನಿಯಮ ಓದಿ ಹೇಳಿದೆ:
ಇವನು ನಿನ್ನ ಕಣ್ಣಳತೆ ದಾಟಬಾರದು.
ಹುಡುಗನ ಕಿವಿ ಕೆಂಪಾಯಿತು.
ನಲವತ್ತೊಂದೂ ಎಣಿಸಿದೆವು. ಇವತ್ತು ಲೆಫ್ಟೆರಿಸ್ ಬಾಯಿ ಬಿಡಲಿಲ್ಲ,
ಮೂರು ಭಾಷೆಯದನ್ನೂ ನಾನೇ ಎಣಿಸಿದೆ.

ಹೋದರು.
ಕಾರಿಡಾರಿನ ತಿರುವಿನಲ್ಲಿ
ಕಾಯುವವನು ಗಲಿಬಿಲಿಗೊಂಡು ನಿಂತ,
ಕಾಯಿಸಿಕೊಳ್ಳುವವನು ಎಡಕ್ಕೆ ಕೈ ತೋರಿಸಿದ.

ಒಬ್ಬರಿಗೊಂದು ಜೊತೆ, ಅದೂ ನಿಯಮ.
ಗ್ಲೋವ್ಸು ಕಳಚಿದೆ.
ಒಳಗೆ ಬೆರಳು ಬೆವೆತು, ಬೆಳ್ಳಗೆ ಸುಕ್ಕಾಗಿ
ಹಂಡೆ ತಿಕ್ಕಿ ಬಂದವರ ಬೆರಳು.
ನೋಡುತ್ತ ನಿಲ್ಲಲು ಹೊತ್ತಿಲ್ಲ,
ಸಾಲಿನಲ್ಲಿ ಮುಂದಿನವಳು ಆಗಲೇ ಬೆಲ್ಟು ಬಿಚ್ಚುತ್ತಿದ್ದಳು.